ಕೆರೆಯಂಚಿನ ಹಾರುವ ಸೂಜಿಗಳು

ಏರೋಪ್ಲೇನ್ ಚಿಟ್ಟೆಯನ್ನು ಕಾಣದ ಮಕ್ಕಳಿಲ್ಲ. ಆದರೆ ಅದರ ಬಳಗಕ್ಕೇ ಸೇರಿದ, ಕಡ್ಡಿಯಷ್ಟು ತೆಳ್ಳಗಿನ ಇನ್ನೊಂದು ಕೀಟ ನಮ್ಮ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಮುಂಬಯಿ ಪುಣೆಗಳ ನೆರೆಹೊರೆಯವರು ಇದನ್ನು ‘ಟಾಚಣಿ’ ಎನ್ನುತ್ತಾರೆ, ಎಂದರೆ ಗುಂಡುಸೂಜಿ. ತಮಿಳರು ‘ಊಸಿತ್ತಟ್ಟಾನ್’ ಎಂದು ಸೂಜಿಗೇ ಹೋಲಿಸಿದ್ದಾರೆ. ಇಂಗ್ಲಿಷಿನ ಡ್ಯಾಮ್‌ಸೆಲ್ ಫ್ಲೈ ಇದೇ. ನಾವು ಇಲ್ಲಿ ಸೂಜಿಚಿಟ್ಟೆ ಎಂದು ಕರೆಯೋಣ.

ಗುರುತಿಸುವುದಕ್ಕೆ ಮೊದಲು ಕುಳಿತ ಭಂಗಿಯನ್ನು ನೋಡಬೇಕು. ಏರೋಪ್ಲೇನ್ ಚಿಟ್ಟೆ ರೆಕ್ಕೆಗಳನ್ನು ಅಗಲವಾಗಿ ಚಾಚಿ ಕೂರುತ್ತದೆ. ಅದರ ಕಣ್ಣುಗಳು ಸಾಮಾನ್ಯವಾಗಿ ತಲೆಯ ಮೇಲೆ ಒಂದಕ್ಕೊಂದು ತಾಗಿರುತ್ತವೆ. ಸೂಜಿಚಿಟ್ಟೆಯ ಕಣ್ಣುಗಳು ತಲೆಯ ಎರಡು ಕೊನೆಗಳಲ್ಲಿ ದೂರ ದೂರ. ಅದು ರೆಕ್ಕೆಗಳನ್ನು ಬೆನ್ನ ಮೇಲೆ ಜೋಡಿಸಿಕೊಂಡು ಕೂರುವುದೇ ಹೆಚ್ಚು.

ಸೂಜಿಚಿಟ್ಟೆಗಳಲ್ಲೂ ಹಲವು ಕುಟುಂಬಗಳುಂಟು. ಮಲೆನಾಡಿನ ತೊರೆಗಳ ಮೇಲೆ ಹಸುರು ಲೋಹದಂತೆ ಹೊಳೆಯುವ ಅಗಲ ರೆಕ್ಕೆಯವು ಒಂದು. ರೆಕ್ಕೆಯನ್ನು ಅರೆ ತೆರೆದು ಕೂರುವವು ಇನ್ನೊಂದು. ಊರ ಕೆರೆಕುಂಟೆಗಳ ಹುಲ್ಲಿನಲ್ಲಿ ಹೆಚ್ಚಾಗಿ ಕಾಣುವವು ಕಿರಿದಾದ ರೆಕ್ಕೆಯ ‘ಸೀನಾಗ್ರಿಯೋನಿಡೇ’ ಕುಟುಂಬದವು. ಇವುಗಳ ರೆಕ್ಕೆ ಗಾಜಿನಂತೆ ಪಾರದರ್ಶಕ. ಬುಡದಲ್ಲಿ ಸೌಟಿನ ಹಿಡಿಯಂತೆ ಸಣ್ಣಗಾಗಿರುತ್ತದೆ.

ಮುಂದಿನದು ಬಾಲ. ನಾವು ಬಾಲವೆನ್ನುವುದು ನಿಜವಾಗಿ ಅದರ ಹೊಟ್ಟೆ. ಕಬ್ಬಿನ ಜಲ್ಲೆಯಂತೆ ಅದರಲ್ಲಿ ಹತ್ತು ಗಣ್ಣುಗಳಿವೆ. ಹಳದಿ ಬಾಲದ ಎರಡು ಜಾತಿಗಳನ್ನು ಬೇರ್ಪಡಿಸುವುದು ಈ ಗಣ್ಣುಗಳೇ. ಬುಡದಿಂದ ತುದಿಯವರೆಗೆ ಯಾವ ಗುರುತೂ ಇಲ್ಲದ ನಿಂಬೆ ಹಳದಿಯಾದರೆ ಅದು ‘ಸೆರಿಯಾಗ್ರಿಯಾನ್ ಕೋರಮಂಡೇಲಿಯಾನಮ್’ ಜಾತಿಯ ಗಂಡು. ಮನೆಯ ಹೂದೋಟಕ್ಕೂ ಬರುವಂಥದು. ಹಳದಿಯ ತುದಿಯಲ್ಲಿ ಕಪ್ಪು, ನೀಲಿ ಕಂಡರೆ ‘ಇಶ್ನೂರಾ ರುಬಿಲಿಯೋ’. ಬಾಲದ ಮೇಲ್ಭಾಗವೆಲ್ಲ ಕಪ್ಪಾಗಿದ್ದು ಕೊನೆಯಿಂದ ಮೂರನೆಯ ಗಣ್ಣಿನಲ್ಲಿ ನೀಲಿ ಹೊಳೆದರೆ ‘ಇಶ್ನೂರಾ ಸೆನೆಗಲೆನ್ಸಿಸ್’. ಎರಡು ಸೆಂಟಿಮೀಟರಿನ ಆಸುಪಾಸಿನ, ಬಾಲದ ತುದಿ ಇಟ್ಟಿಗೆಗೆಂಪಾದ ಪುಟ್ಟ ಜೀವ ‘ಅಗ್ರಿಯೋಕ್ನೆಮಿಸ್ ಪಿಗ್ಮಿಯಾ’. ನೆಲಕ್ಕೆ ಬಗ್ಗಿ ಹುಲ್ಲಿನ ಬುಡದಲ್ಲಿ ಹುಡುಕಿದರೇ ಇದು ಸಿಕ್ಕೀತು.

ಬಣ್ಣವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಮೇಲೆ ಹೇಳಿದ್ದೆಲ್ಲ ಬಲಿತ ಗಂಡಿನ ವೇಷ. ಪಿಗ್ಮಿಯಾ ಜಾತಿಯ ಎಳೆಯ ಹೆಣ್ಣು ಕೆಂಪಗಿದ್ದು, ಬಲಿತಂತೆ ಬಣ್ಣ ಬದಲಿಸುತ್ತದೆ. ಸೆನೆಗಲೆನ್ಸಿಸ್ ಹೆಣ್ಣುಗಳಲ್ಲಿ ಕೆಲವು ಗಂಡಿನ ಬಣ್ಣವನ್ನೇ ತಾಳುತ್ತವೆ. ಹೀಗಿರಲು ಬಾಲದ ತುದಿಯ ಕೆಳಗೆ ಮೊಟ್ಟೆಯಿಡುವ ಅಂಗದ ಉಬ್ಬು ಇದೆಯೇ ಎಂದು ಮೊದಲು ನೋಡಿ, ಹೆಣ್ಣೋ ಗಂಡೋ ಎಂದು ತಿಳಿದು, ಆಮೇಲೆ ಹೆಸರಿಗೆ ಹೋಗುವುದು ಲೇಸು.

ಫ್ರೇಸರ್ ಎಂಬ ಸೇನಾವೈದ್ಯರು ಈ ಕೀಟಗಳ ಬಗ್ಗೆ 1933ರಿಂದ 1936ರವರೆಗೆ ಮೂರು ಸಂಪುಟಗಳನ್ನು ಹೊರತಂದರು. ಅಂದು ಬಲೆಯಿಂದ ಹಿಡಿದು, ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕಿತ್ತು. ಇಂದು ಮಳೆಗಾಲ ಮುಗಿದ ಮೇಲೆ, ಎಳೆ ಬಿಸಿಲಿನಲ್ಲಿ, ಮೊಬೈಲಿನಿಂದ ಮೇಲಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ತೆಗೆದುಕೊಂಡರೆ ಬಹುಮಟ್ಟಿಗೆ ಸಾಕು. ಬಾಲಕ್ಕೆ ದಾರ ಕಟ್ಟುವ ಹಳೆಯ ಆಟವನ್ನು ಮಕ್ಕಳಿಗೆ ಕಲಿಸದಿರೋಣ.

ಹೆಸರು ತಿಳಿದು ಏನು ಲಾಭವೆಂದು ಕೇಳುವವರುಂಟು. ಹೆಣ್ಣು ಸೂಜಿಚಿಟ್ಟೆ ನೀರಿನ ಗಿಡದ ದಂಟನ್ನು ಸೀಳಿ ಅದರೊಳಗೆ ಮೊಟ್ಟೆಯಿಡುತ್ತದೆ. ಮರಿ ನೀರಿನಲ್ಲಿ ಬೆಳೆದು, ಸೊಳ್ಳೆಮರಿಗಳನ್ನೂ ತಿಂದು, ಕೊನೆಗೆ ಅಂಥದೇ ದಂಟನ್ನೇರಿ ಪೊರೆ ಕಳಚಿ ರೆಕ್ಕೆ ಪಡೆಯುತ್ತದೆ. ಕೆರೆಯ ಅಂದ ಹೆಚ್ಚಿಸಲೆಂದು ಅಂಚಿನ ಹುಲ್ಲು ಕಿತ್ತು ಸಿಮೆಂಟು ಬಳಿದರೆ ಅದರ ತೊಟ್ಟಿಲನ್ನೇ ಕಿತ್ತಂತೆ. ಹೆಸರೇ ಗೊತ್ತಿಲ್ಲದ ಜೀವ ಕಾಣೆಯಾದರೆ ಎಲ್ಲಿ ಹೋಯಿತೆಂದು ಕೇಳುವವರಾರು? ನಾವಿರುವ ಊರು ಯಾವುದೇ ಆಗಲಿ, ಅದರ ಕೆರೆಯೂ ನಮ್ಮದೇ. ಬರುವ ಭಾನುವಾರ ಮಕ್ಕಳನ್ನು ಕರೆದುಕೊಂಡು ಅದರ ಹುಲ್ಲಂಚಿಗೆ ಹೋಗಿ ಕೂರೋಣ. ಎಷ್ಟು ಸೂಜಿಗಳು ಹಾರುತ್ತಿವೆ ಎಂದು ಅವರೇ ಎಣಿಸಿ ಬರೆದಿಡಲಿ.