ತಾತನ ತಲೆಗೆ ತುಕ್ಕು ಹಿಡಿದಿದೆಯೇ?

ಮಳೆಗಾಲದ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೂರು ವರ್ಷ ಮೊದಲ ಬೆಂಚಿನಲ್ಲಿ ಕೂತವನು. ಅವನ ಅಕ್ಷರ ನೆನಪಿದೆ, ಅವರಪ್ಪನ ಸೈಕಲ್ ಅಂಗಡಿ ನೆನಪಿದೆ. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ‘ಏನಪ್ಪಾ, ಚೆನ್ನಾಗಿದ್ದೀಯಾ’ ಎಂದು ‘ಅಪ್ಪಾ’ದಲ್ಲೇ ಅರ್ಧ ಗಂಟೆ ತಳ್ಳಿದೆ. ಅವನು ಗೇಟು ದಾಟಿ ಹೋದ ಮೇಲೆ, ಕಾಫಿ ಲೋಟ ತೊಳೆಯುತ್ತಿದ್ದಾಗ, ಹೆಸರು ತಾನಾಗಿ ಬಂತು.

ಏಳನೇ ತರಗತಿಯ ಮೊಮ್ಮಗಳು ಎಲ್ಲವನ್ನೂ ನೋಡುತ್ತಿದ್ದಳು. ‘ತಾತ, ನಿಮ್ಮ ತಲೆಗೆ ತುಕ್ಕು ಹಿಡೀತಾ ಇದೆಯಾ?’ ಎಂದಳು. ಅವಳ ಅಜ್ಜಿ ಗದರಿದಳು. ನನಗೆ ಗದರಲು ಮನಸ್ಸಾಗಲಿಲ್ಲ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನಿಗೆ ಅದು ಒಳ್ಳೆಯ ಪ್ರಶ್ನೆ ಎಂದು ಗೊತ್ತು. ಅದೂ ಅಲ್ಲದೆ, ನಮ್ಮಣ್ಣನ ಕೈ ನಡುಗಲು ಶುರುವಾದಂದಿನಿಂದ ಅದೇ ಪ್ರಶ್ನೆಯನ್ನು ರಾತ್ರಿ ಹೊತ್ತು ನಾನೇ ಕೇಳಿಕೊಳ್ಳುತ್ತಿದ್ದೆ.

ತುಕ್ಕು ಎಂದರೆ ಕಬ್ಬಿಣವನ್ನು ಆಮ್ಲಜನಕ ತಿನ್ನುವುದು. ಹೆಚ್ಚಿಟ್ಟ ಬದನೆಕಾಯಿಯನ್ನು ನೀರಿಗೆ ಹಾಕದಿದ್ದರೆ ಕಪ್ಪಾಗುವುದರ ಹಿಂದೆಯೂ ಅದೇ ಆಮ್ಲಜನಕದ ಕೈವಾಡ. ಪಾಠದ ಪುಸ್ತಕದಲ್ಲಿ ಇದಕ್ಕೆ ಉತ್ಕರ್ಷಣ ಎಂದು ಹೆಸರು. ಮಿದುಳಿನಲ್ಲಿ ಕಬ್ಬಿಣದ ತುಕ್ಕು ಕೂರುವುದಿಲ್ಲ ನಿಜ, ಆದರೆ ಉತ್ಕರ್ಷಣ ಅಲ್ಲಿಯೂ ನಡೆಯುತ್ತದೆ. ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡು ಮಾತ್ರ. ನಾವು ಉಸಿರಾಡಿದ ಆಮ್ಲಜನಕದಲ್ಲಿ ಅದು ಖರ್ಚು ಮಾಡುವುದು ಸುಮಾರು ನೂರಕ್ಕೆ ಇಪ್ಪತ್ತು! ಮನೆಯ ಪುಟ್ಟ ಮಗುವೇ ಎಲ್ಲರಿಗಿಂತ ಹೆಚ್ಚು ಉಂಡ ಹಾಗೆ.

ಈ ಆಮ್ಲಜನಕ ಹೋಗುವುದು ಜೀವಕೋಶದೊಳಗಿನ ಮೈಟೋಕಾಂಡ್ರಿಯಗಳಿಗೆ. ಅಲ್ಲಿ ಏನಾಗುತ್ತದೆ ಎಂದು ತಿಳಿಯಲು ಮನೆ ಕಟ್ಟುವಾಗ ಮೋಲ್ಡ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆಯೇ ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಪ್ರೋಟೀನುಗಳ ತಂಡಗಳಿವೆ. ನಾವು ತಿಂದ ಅನ್ನದಿಂದ ಬಂದ ಎಲೆಕ್ಟ್ರಾನುಗಳನ್ನು ಅವು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಕೊನೆಯಲ್ಲಿ ನಿಂತ ಆಮ್ಲಜನಕ ಅವನ್ನು ಪಡೆದು ನೀರಾಗುತ್ತದೆ. ಈ ದಾಟಿಸುವಿಕೆಯಿಂದಲೇ ನಮಗೆ ಶಕ್ತಿ.

ಆದರೆ ಸಾಲಿನ ನಡುವೆ ಒಂದಿಷ್ಟು ಕಾಂಕ್ರೀಟ್ ಜಾರಿ ಬೀಳದೆ ಇರುತ್ತದೆಯೇ? ಕೆಲವು ಎಲೆಕ್ಟ್ರಾನುಗಳು ಮಧ್ಯದಲ್ಲೇ ಜಾರಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಹೀಗೆ ಅರೆಬರೆಯಾದ ಆಮ್ಲಜನಕ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮೊದಲು ಸಿಗುವುದು ಪಕ್ಕದಲ್ಲೇ ನಿಂತ ಆಳು, ಅಂದರೆ ಮೈಟೋಕಾಂಡ್ರಿಯದ ಪ್ರೋಟೀನು. ಪೆಟ್ಟು ತಿಂದ ಪ್ರೋಟೀನಿನ ಆಕಾರ ಕೆಡುತ್ತದೆ, ಕೆಲಸ ನಿಧಾನವಾಗುತ್ತದೆ. ಇದನ್ನು ತಡೆಯುವ ಕಾವಲುಗಾರ ಪ್ರೋಟೀನುಗಳೂ ನಮ್ಮಲ್ಲೇ ಇವೆ; ಕೆಟ್ಟದ್ದನ್ನು ಒಡೆದು ಹೊಸದು ಮಾಡುವ ವ್ಯವಸ್ಥೆಯೂ ಇದೆ. ಕಾವಲು ಸೋತು ಹಾನಿ ಮೇಲಾದಾಗ ಅದಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ಮುಪ್ಪಿಗೆ ಈ ಪುಂಡ ಕಣಗಳೇ ಕಾರಣವಿರಬಹುದು ಎಂದು 1956ರಲ್ಲಿ ಬರೆದವರು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್. 1972ರಲ್ಲಿ ಅವರು ಮೈಟೋಕಾಂಡ್ರಿಯದತ್ತಲೇ ಬೆರಳು ತೋರಿಸಿದರು. ಮುಪ್ಪಿನ ಕಥೆ ಅಷ್ಟು ಸರಳವಲ್ಲ ಎಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು. ಹಾರ್ಮನ್ ಮಾತ್ರ 98 ವರ್ಷ ಬದುಕಿದರು!

ದಸರಾ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋದಾಗ ಮೊಮ್ಮಗಳನ್ನು ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದೆ. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಲು ಅಲ್ಲಿ ಕೊಡುತ್ತಾರೆ. ಅವಳು ಎರಡೂ ಕೈ ಚಾಚಿ, ಹಸುಗೂಸನ್ನು ಎತ್ತಿಕೊಂಡವಳಂತೆ ಹಿಡಿದಳು. ‘ಇದು ಯಾರದು ತಾತ?’ ಎಂದು ಪಿಸುಗುಟ್ಟಿದಳು. ಯಾರದೋ. ಆದರೆ ಯಾರೋ ಕೊಟ್ಟಿದ್ದು ಎಂದೆ.

ಅದೇ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳಿನ ಬ್ಯಾಂಕ್ ಇದೆ. ಮಿದುಳಿನ ಕಾಯಿಲೆ ಇಲ್ಲದೆ, ರಸ್ತೆ ಅಪಘಾತದಂಥ ಕಾರಣಕ್ಕೆ ತೀರಿಕೊಂಡವರ ಮಿದುಳುಗಳನ್ನೂ ಮನೆಯವರ ಒಪ್ಪಿಗೆ ಪಡೆದು ಅಲ್ಲಿ ಕಾಪಿಡುತ್ತಾರೆ. ಅಂಥ ದುಃಖದ ಗಳಿಗೆಯಲ್ಲಿ ‘ಆಗಲಿ’ ಎಂದವರನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ಬೇರೆಬೇರೆ ವಯಸ್ಸಿನವರ ಈ ಮಿದುಳುಗಳನ್ನು ಹೋಲಿಸಿ ಅಲ್ಲಿನ ವಿಜ್ಞಾನಿಗಳು 2012ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ವಯಸ್ಸಾದಂತೆ ಮಿದುಳೆಲ್ಲ ಒಂದೇ ಸಮ ಸವೆಯುವುದಿಲ್ಲ. ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯ ನೈಗ್ರ ಎಂಬ ಕಪ್ಪು ಪಟ್ಟಿಯಿದೆ. ಅಲ್ಲಿ ಪ್ರೋಟೀನುಗಳಿಗೆ ಉತ್ಕರ್ಷಣದ ಪೆಟ್ಟು ಹೆಚ್ಚುತ್ತದೆ, ಮೈಟೋಕಾಂಡ್ರಿಯದ ಸಾಲಿನ ಮೊದಲ ತಂಡದ ಕೆಲಸ ಕುಗ್ಗುತ್ತದೆ, ಕಾವಲುಗಾರರೂ ಸೊರಗುತ್ತಾರೆ. ಹೋಲಿಸಿ ನೋಡಿದ ಬೇರೆ ಕೆಲವು ಭಾಗಗಳು ಹೆಚ್ಚುಕಡಿಮೆ ಗಟ್ಟಿಯಾಗಿಯೇ ಇದ್ದವು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವುದು ಆ ಕಪ್ಪು ಪಟ್ಟಿಯ ಕೋಶಗಳೇ. ನಮ್ಮಣ್ಣನಿಗೆ ಇರುವುದೂ ಅದೇ.

‘ಹಾಗಾದರೆ ನಿಮಗೂ ಬರುತ್ತಾ?’ ಬಸ್ಸಿನಲ್ಲಿ ಕೇಳಿದಳು. ಸುಳ್ಳು ಹೇಳಲಿಲ್ಲ. ‘ಬರಲೇಬೇಕೆಂದಿಲ್ಲ, ಬರುವುದೇ ಇಲ್ಲ ಅಂತಲೂ ಇಲ್ಲ. ಸವೆತ ಎಲ್ಲ ಮುದುಕರಿಗೂ ಇದೆ, ಕಾಯಿಲೆ ಕೆಲವರಿಗೆ ಮಾತ್ರ’ ಎಂದೆ. ಹೆಸರು ತಡವಾಗಿ ನೆನಪಾಗುವುದು ವಯಸ್ಸಿನ ಸಹಜ ಗುಣ. ದಿನಾ ಹೋಗುವ ದಾರಿಯೇ ತಪ್ಪಿದರೆ, ಕೇಳಿದ್ದನ್ನೇ ಮತ್ತೆಮತ್ತೆ ಕೇಳುತ್ತಿದ್ದರೆ, ಸುಮ್ಮನೆ ಕೂತಾಗಲೂ ಕೈ ನಡುಗುತ್ತಿದ್ದರೆ ನಾಚಿಕೆ ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಅಣ್ಣ ಎರಡು ವರ್ಷ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ಓಡಾಡಿದ.

ಮನೆಗೆ ಬಂದರೆ ಯಾರದೋ ಮಾತು ಕೇಳಿ ನನ್ನಾಕೆ ‘ಆಂಟಿ ಆಕ್ಸಿಡೆಂಟ್’ ಮಾತ್ರೆಯ ಡಬ್ಬಿ ತರಿಸಿಟ್ಟಿದ್ದಳು. ಉತ್ಕರ್ಷಣವನ್ನು ಮಾತ್ರೆಯಿಂದ ತಡೆದರಾಯಿತಲ್ಲ ಎಂದು ವಿಜ್ಞಾನಿಗಳೂ ಹಿಂದೆ ಅಂದುಕೊಂಡಿದ್ದರು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ಪರೀಕ್ಷಿಸಿದರು. 1994ರಲ್ಲಿ ಫಲಿತಾಂಶ ಬಂದಾಗ, ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು! ಪುಂಡ ಕಣಗಳಿಂದಲೂ ದೇಹ ಕೆಲವು ಕೆಲಸ ಮಾಡಿಸಿಕೊಳ್ಳುತ್ತದೆ, ಅವನ್ನು ಪೂರ್ತಿ ಹೊಡೆದೋಡಿಸಿದರೂ ಕಷ್ಟ. ಸೊಪ್ಪು, ಹಣ್ಣು ತಿನ್ನುವುದು ಬೇರೆ. ನಡಿಗೆಯೂ ಒಳ್ಳೆಯದೇ, ವ್ಯಾಯಾಮದಿಂದ ಸ್ನಾಯುಗಳಲ್ಲಿ ಹೊಸ ಮೈಟೋಕಾಂಡ್ರಿಯಗಳು ಹುಟ್ಟುತ್ತವೆ. ಡಬ್ಬಿ ಅಂಗಡಿಗೆ ವಾಪಸಾಯಿತು. ದುಡ್ಡು ಮಾತ್ರ ಅರ್ಧವೇ ಸಿಕ್ಕಿತು.

ಅಣ್ಣ ಈಗಲೂ ತಿಂಗಳಿಗೊಂದು ಕಾಗದ ಬರೆಯುತ್ತಾನೆ. ಈ ಕಾಯಿಲೆಯಲ್ಲಿ ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ಸಾಲಿನಲ್ಲಿ ಕಡಲೆಬೇಳೆಯಷ್ಟಿದ್ದದ್ದು ಕೊನೆಯ ಸಾಲಿಗೆ ಸಾಸಿವೆ. ಓದಲು ನನಗೆ ಭೂತಗನ್ನಡಿ ಬೇಕು, ಮೊಮ್ಮಗಳಿಗೆ ಬೇಡ. ಮೊನ್ನೆ ಅವಳೇ ಉತ್ತರ ಬರೆದಳು. ದೊಡ್ಡ ತಾತನಿಗೆ ಅಂಚೆಯಲ್ಲಿ ಒಂದು ನಾಲ್ಕುಗೆರೆ ಕಾಪಿ ಪುಸ್ತಕವನ್ನೂ ಕಳಿಸಿದ್ದಾಳೆ, ದಿನಕ್ಕೊಂದು ಪುಟ, ಗೆರೆ ಮುಟ್ಟುವಂತೆ ಬರೆಯಬೇಕೆಂದು.