ಕಾಳಿಗೆ ಗುಳಿಗೆ, ಮನೆಗೆ ಗಂಡಾಂತರ!

ನೀರಮಾನ್ವಿ: ರಾಯಚೂರು-ಮಾನ್ವಿ ಬಸ್ಸಿನಲ್ಲಿ ಓಡಾಡುವವರಿಗೆ ಯಲ್ಲಮ್ಮನ ಗುಡಿಯಿರುವ ಈ ಊರಿನ ಪರಿಚಯ ಬೇಕಿಲ್ಲ. ಬಸ್ಸು ತಡವಾಗಿತ್ತು. ಬಿಸಿಲಿಗೆ ಅಂಜಿ ಕಿರಾಣಿ ಅಂಗಡಿಯೊಂದರ ನೆರಳಿಗೆ ನಿಂತಿದ್ದೆ. ಯಾವ ಅಂಗಡಿ ಎಂದು ಕೇಳಬೇಡಿ, ಬರೆಯುವುದಿಲ್ಲ.

ಹೆಣ್ಣುಮಗಳೊಬ್ಬಳು ಬಂದು, "ಅಣ್ಣಾ, ತೊಗರಿಗೆ ನುಶಿ ಹತ್ಯಾವ. ಕಾಳಿನಾಗ ಇಡೋ ಗುಳಿಗಿ ನಾಕು ಕೊಡು" ಅಂದಳು.

ಅಂಗಡಿಯವ ಒಂದು ಮಾತೂ ಕೇಳದೆ ಡಬ್ಬಿಗೆ ಕೈ ಹಾಕಿದ. ಕೇಳಿದವಳು ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ.

"ಚೀಲ ಎಲ್ಲಿಟ್ಟೀ ಯವ್ವಾ?"

"ಮಲಗೋ ಕ್ವಾಣ್ಯಾಗ ಯಮ್ಮಾ. ಮತ್ತೆಲ್ಲಿ ಇಡಬೇಕು?"

"ಹುಡುಗರು?"

"ಅಲ್ಲೇ ಮಕ್ಕೋತಾವ."

ಅಜ್ಜಿ ಎದ್ದೇಬಿಟ್ಟಳು. "ನುಶಿ ಸಾಯ್ತಾವ, ಖರೆ. ನುಶಿಗೊಂದು ಗಾಳಿ, ಹುಡುಗರಿಗೊಂದು ಗಾಳಿ ಐತೇನು ಆ ಕ್ವಾಣ್ಯಾಗ?"

ಗುಳಿಗೆಯಲ್ಲಿ ಏನಿದೆ?

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಅಜ್ಜಿಯ ಒಂದು ಮಾತು ಇಡೀ ಕೆಮಿಸ್ಟ್ರಿ ಪಾಠ ಹೇಳಿತು. ಆ ಗುಳಿಗೆಯ ಹೆಸರು ಅಲ್ಯೂಮಿನಿಯಂ ಫಾಸ್ಫೈಡ್. ಒಂದರ ತೂಕ ಸಾಮಾನ್ಯವಾಗಿ 3 ಗ್ರಾಂ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಗಾಳಿಗಿಂತ ತುಸು ಭಾರ. ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮಕ್ಕಳ ಗತಿ ಏನು? ಈ ವಿಷಕ್ಕೆ ಪ್ರತಿವಿಷ ಇಲ್ಲ.

ಕಾನೂನು ಏನನ್ನುತ್ತದೆ? ಸರ್ಕಾರ, ಸರ್ಕಾರಿ ಸಂಸ್ಥೆಗಳು, ಕೀಟ ನಿಯಂತ್ರಣದ ಪರವಾನಗಿ ಉಳ್ಳವರು, ಇವರಿಗೆ ಮಾತ್ರ ಇದರ ಮಾರಾಟ. ಉಗ್ರಾಣದಲ್ಲಿ ತಾಡಪತ್ರಿ ಮುಚ್ಚಿ, ತಿಳಿದವರು ಬಳಸುವ ವಸ್ತು ಇದು. ಬೆಲ್ಲ, ಚಹಾಪುಡಿಯ ಸಾಲಿನಲ್ಲಿ ಇಡುವಂಥದ್ದಲ್ಲ.

"ನಾ ಕೊಡ್ಲಿಲ್ಲಂದ್ರ ಇನ್ನೊಬ್ಬ ಕೊಡ್ತಾನ್ರೀ" ಎಂದ ಅಂಗಡಿಯವ. ಇರಬಹುದು ಸ್ವಾಮಿ. ಆದರೆ ನಾಳೆ ಆ ಮನೆಯಲ್ಲಿ ಹೆಚ್ಚುಕಮ್ಮಿಯಾದರೆ ಇನ್ನೊಬ್ಬನ ಹೆಸರು ಹೇಳಿ ಪಾರಾಗಲು ಆಗುತ್ತದೆಯೇ?

ಈಗಾಗಲೇ ಮನೆಯಲ್ಲಿ ಗುಳಿಗೆ ಇಟ್ಟಿದ್ದೀರಾ? ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ, ತಲೆನೋವು, ವಾಂತಿ, ಎದೆ ಬಿಗಿತ ಕಂಡರೆ ಎಲ್ಲರೂ ತಕ್ಷಣ ಹೊರಗೆ ಬನ್ನಿ, ಆಸ್ಪತ್ರೆಗೆ ಓಡಿ. ಗುಳಿಗೆಗೆ ನೀರು ಮಾತ್ರ ಹಾಕಬೇಡಿ. ನೀರು ಬಿದ್ದರೆ ಅನಿಲ ಇನ್ನೂ ಜೋರಾಗಿ ಏಳುತ್ತದೆ.

ಹುಳ ಬರುವುದು ಹೊಲದಿಂದಲೇ

ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಕಂಡಿದ್ದೀರಾ? ಅದೇ ಮೊಟ್ಟೆ. ಎಷ್ಟೋ ಸಲ ಹೊಲದಲ್ಲಿ ಕಾಯಿಯ ಮೇಲೆಯೇ ಹುಳ ಮೊಟ್ಟೆ ಇಟ್ಟಿರುತ್ತದೆ. ಮರಿ ಕಾಳಿನೊಳಗೆ ಕೊರೆದು ಹೋಗಿ, ಒಳಗೇ ತಿಂದು ಬೆಳೆದು, ದುಂಡನೆ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಕಾಣುವ ಹೊತ್ತಿಗೆ ಕಾಳು ಕೆಟ್ಟಾಗಿರುತ್ತದೆ. ಆದ್ದರಿಂದ ಕಾಳು ತುಂಬುವ ಮುಂಚೆಯೇ ಜೋಪಾನ ಬೇಕು.

ಅಜ್ಜಿ ಹೇಳಿದ ಕ್ರಮ ಹೀಗೆ. ಎರಡು ಮೂರು ದಿನ ಖಡಕ್ ಬಿಸಿಲಿಗೆ ತೆಳ್ಳಗೆ ಹರವಬೇಕು. "ಹಲ್ಲಿಗೆ ಇಟ್ರ ಕಟ್ ಅನ್ನಬೇಕು ತಮ್ಮಾ." ಆಮೇಲೆ ನೆರಳಿನಲ್ಲಿ ಆರಿಸಬೇಕು. ಬಿಸಿ ಇದ್ದಾಗಲೇ ತುಂಬಿದರೆ ಡಬ್ಬಿ ಒಳಗೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಹಳೆಯ ಕಾಳಿನ ತಳದ ಮೇಲೆ ಹೊಸದನ್ನು ಸುರಿಯಬಾರದು. ಡಬ್ಬಿ ಖಾಲಿ ಮಾಡಿ, ಒಣಗಿಸಿ, ಬಾಯಿತನಕ ತುಂಬಿ, ಗಾಳಿಯಾಡದಂತೆ ಮುಚ್ಚಬೇಕು. ನಡುನಡುವೆ ಒಣಗಿದ ಬೇವಿನ ತಪ್ಪಲ.

ಇನ್ನೊಂದು ಉಪಾಯ ಎಣ್ಣೆ. ಕಿಲೋ ಕಾಳಿಗೆ 5 ಮಿಲಿ, ಅಂದರೆ ಚಹಾದ ಚಮಚದಷ್ಟು ಶೇಂಗಾ ಎಣ್ಣೆ ಅಥವಾ ಔಡಲ ಎಣ್ಣೆ ಸವರಿದರೆ ಮೊಟ್ಟೆಗೆ ಗಾಳಿ ಸಿಗದೆ ಸಾಯುತ್ತದೆ. ಬೇಳೆಗೆ ಈ ಹುಳದ ಕಾಟ ಕಡಿಮೆ. ಅದಕ್ಕೇ ಹಿಂದಿನವರು ತೊಗರಿ ಮನೆಗೆ ಬಂದ ಮೇಲೆ ತಡ ಮಾಡದೆ ಒಡೆದು ಬೇಳೆ ಮಾಡಿಕೊಳ್ಳುತ್ತಿದ್ದರು.

ಇದು ಬರೀ ಮುದುಕರ ಮಾತು ಎನ್ನಬೇಡಿ. ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಅಲಸಂದಿ ಬೆಳೆಯುವ ರೈತರಿಗಾಗಿ 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮೂರು ಪದರಿನ ಚೀಲ ರೂಪಿಸಿದರು. ಅದರಲ್ಲಿ ಔಷಧಿ ಇಲ್ಲ. ಚೀಲದ ಬಾಯಿ ಬಿಗಿದರೆ ಹುಳ ಗಾಳಿಯಿಲ್ಲದೆ ಸಾಯುತ್ತದೆ, ಅಷ್ಟೇ!

ಬೇಯದ ಬ್ಯಾಳಿಗೆ ಬೈಯಬೇಡಿ

ಅಂಗಡಿಯವರಿಗೆ ಬರುವ ಇನ್ನೊಂದು ದೂರು, "ನಿನ್ನ ಬ್ಯಾಳಿ ಬೇಯೋದೇ ಇಲ್ಲ." ತಪ್ಪು ಎಷ್ಟೋ ಸಲ ನೀರಿನದು. ಗಡುಸು ಬೋರ್ ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿ ಮಾಡುತ್ತದೆ. ಶುದ್ಧ ನೀರಿನ ಘಟಕದ ಒಂದು ಕೊಡ ನೀರನ್ನು ಕಾಳು ನೆನೆಸಲು, ಬೇಯಿಸಲು ತೆಗೆದಿಡಿ. ವರ್ಷಗಟ್ಟಲೆ ಸೆಕೆಯಲ್ಲಿ ಇಟ್ಟ ಹಳೇ ಕಾಳೂ ಬೇಗ ಬೇಯುವುದಿಲ್ಲ. ವರ್ಷಕ್ಕೆ ಬೇಕಾದಷ್ಟೇ ಕೊಳ್ಳುವುದು ಜಾಣತನ.

ಇಡೀ ಕಾಳನ್ನು ರಾತ್ರಿ ನೆನೆಹಾಕಿ. ಮೇಲೆ ತೇಲುವ ತೂತುಗಾಳು ತೆಗೆದುಹಾಕಿ. ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಹುಣಸೆಹುಳಿ, ಟೊಮೆಟೊ ಮೊದಲೇ ಹಾಕಿದಿರೋ, ಕಾಳು ಮುನಿಸಿಕೊಂಡು ಕೂಡುತ್ತದೆ. ಮೆತ್ತಗಾದ ಮೇಲೆಯೇ ಹುಳಿ. ಸೋಡಾ ಹಾಕಿದರೆ ಬೇಗ ಬೇಯುತ್ತದೆ ನಿಜ, ಆದರೆ ಬಿ-1 ಜೀವಸತ್ವ ಹಾಳಾಗುತ್ತದೆ. ಈಗ ಹಳ್ಳಿ ಅಂಗಡಿಗೂ ಬಂದಿರುವ ರಾಜ್ಮಾವನ್ನು ಅರೆಬೆಂದದ್ದು ತಿಂದರೆ ವಾಂತಿ ಭೇದಿ ಖಂಡಿತ. ಅದನ್ನು ಚೆನ್ನಾಗಿ ಕುದಿಸಲೇಬೇಕು. ಮಡಕಿ, ಹೆಸರು ಆದರೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ. ಮರುದಿನ ಮೊಳಕೆ, ಉಳ್ಳಾಗಡ್ಡಿ ಒಗ್ಗರಣೆ, ಪಕ್ಕಕ್ಕೆ ಜ್ವಾಳದ ರೊಟ್ಟಿ. ಇನ್ನೇನು ಬೇಕು?

ಇತ್ತ ಬಸ್ಸು ಬಂತು. ಹತ್ತುವ ಮುಂಚೆ ತಿರುಗಿ ನೋಡಿದೆ. ಅಂಗಡಿಯವ ಗುಳಿಗೆ ಡಬ್ಬಿ ಮುಚ್ಚಿ ಒಳಗಿಟ್ಟಿದ್ದ. ಹೆಣ್ಣುಮಗಳು ಪಾವು ಕಿಲೋ ಔಡಲ ಎಣ್ಣೆ ಕೇಳುತ್ತಿದ್ದಳು. ಅವನಿಗೆ ವ್ಯಾಪಾರವೇನೂ ತಪ್ಪಲಿಲ್ಲ. ನಾಳೆ ಆ ಡಬ್ಬಿ ಮತ್ತೆ ಹೊರಬರುತ್ತದೆಯೇ? ಅದು ಕೊಡುವವರ ಕೈಯಲ್ಲಿದೆ, ಕೇಳುವವರ ಬಾಯಲ್ಲೂ ಇದೆ.