ಜೋಜಿಲಾದಲ್ಲಿ ಹಿಮ ಕಡಿಯುವ ಕೆಲಸ

ಹಿಮವೆಂದರೆ ಹತ್ತಿಯಂತೆ ಹಗುರ ಎಂದು ನಮ್ಮೂರಿನವರೆಲ್ಲ ನಂಬಿದ್ದಾರೆ. ಗಾಳಿ ಒತ್ತಿ ಒತ್ತಿ ಕೂರಿಸಿದ ಹಿಮಕ್ಕೆ ಡೋಜರಿನ ಬ್ಲೇಡು ತಾಗಿದರೆ ಸೀಟಿನಲ್ಲಿ ಕೂತವನ ಬೆನ್ನುಮೂಳೆಗೇ ಏಟು ಗೊತ್ತಾಗುತ್ತದೆ. ಶ್ರೀನಗರ–ಲೇಹ್ ಹೆದ್ದಾರಿಯ ಜೋಜಿಲಾ ಘಾಟಿಯಲ್ಲಿ, 11,500 ಅಡಿಗೂ ಮೇಲೆ, ನಾನು ಓಡಿಸುತ್ತಿದ್ದುದು ಡೋಜರನ್ನೇ.

ಗಡಿ ರಸ್ತೆ ಸಂಸ್ಥೆಯ ತಂಡಗಳು ಎರಡೂ ಕಡೆಯಿಂದ ಕಡಿಯುತ್ತ ಬರುತ್ತವೆ: ಸೋನಾಮಾರ್ಗ್ ಕಡೆಯಿಂದ ಬೀಕನ್, ದ್ರಾಸ್ ಕಡೆಯಿಂದ ವಿಜಯಕ್. ಮೊದಲ ತಲೆನೋವೆಂದರೆ ರಸ್ತೆ ಎಲ್ಲಿದೆ ಎನ್ನುವುದು. ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಪ್ರಪಾತ, ನಡುವೆ ಬರೀ ಬಿಳುಪು. ಬೆಟ್ಟದ ಕಡೆಗೇ ಅಂಟಿಕೊಂಡು ಕಡಿಯಬೇಕು. ಡೋಜರು ಮೇಲಿನ ಪದರಗಳನ್ನು ಕೆರೆದು ಆಚೆ ತಳ್ಳಿದರೆ, ಸ್ನೋ ಕಟರ್ ಉಳಿದದ್ದನ್ನು ಅರೆದು ಕೊಳವೆಯಿಂದ ಕಣಿವೆಗೆ ಚಿಮ್ಮಿಸುತ್ತದೆ. ಬಿಸಿಲೇರಿದರೆ ನನಗೆ ಖುಷಿಗಿಂತ ಭಯವೇ ಜಾಸ್ತಿ. ಮೇಲಿನ ಇಳಿಜಾರಿನ ಹಿಮ ಸಡಿಲಾಗಿ ಕುಸಿಯುವ ಹೊತ್ತು ಅದು.

ಹಿಂದೆಲ್ಲ ಈ ಘಾಟಿ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. 2025ರಲ್ಲಿ 32 ದಿನಗಳ ಬಳಿಕ, ಏಪ್ರಿಲ್ 1ಕ್ಕೆ ತೆರೆಯಿತು.

ತೆರೆದ ಮಾತ್ರಕ್ಕೆ ದಾರಿ ಸಲೀಸಲ್ಲ. ಹಗಲು ಕರಗಿದ ನೀರು ರಾತ್ರಿ ಟಾರಿನ ಮೇಲೆ ಕಣ್ಣಿಗೆ ಬೀಳದಂತೆ ಹೆಪ್ಪುಗಟ್ಟುತ್ತದೆ. ಚಕ್ರಕ್ಕೆ ಕಟ್ಟುವ ಚೈನನ್ನು ಡಿಕ್ಕಿಯಲ್ಲಿಟ್ಟುಕೊಂಡು ಜಾರುವ ಪ್ರವಾಸಿಗರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಇಂಜಿನ್ ತಿರುಗಿಸುವ ಚಕ್ರಗಳಿಗೆ ಅದನ್ನು ಕಟ್ಟಿ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಗಕ್ಕನೆ ಒತ್ತಬೇಡಿ. ಹಿಮದಲ್ಲಿ ಸಿಕ್ಕಿಕೊಂಡರೆ, ಹೀಟರಿಗೆಂದು ಇಂಜಿನ್ ಚಾಲೂ ಮಾಡುವ ಮುಂಚೆ ಇಳಿದು ಸೈಲೆನ್ಸರಿನ ಬಾಯಿಗೆ ಮೆತ್ತಿದ ಹಿಮ ತೆಗೆಯಿರಿ. ಅದು ಮುಚ್ಚಿದ್ದರೆ ವಾಸನೆಯೇ ಇಲ್ಲದ ವಿಷಾನಿಲ ಕಾರಿನೊಳಗೆ ತುಂಬುತ್ತದೆ.